ಕಾವು ಉದ್ದವಾದರೆ ಏಟು ಜೋರೇಕೆ?

ದೀಪಾವಳಿ ರಜೆಯ ಒಂದು ಸಂಜೆ. ಜಗುಲಿಯ ಮೇಲೆ ಕುಳಿತು ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. ಗೇಟಿನ ಹೊರಗೆ ಬೈಕು ನಿಂತ ಸದ್ದಾಯಿತು. ಬಿಸಿಲಿಗೆ ಕಪ್ಪಾದ ಮುಖದ, ನಲವತ್ತು ದಾಟಿದ ಒಬ್ಬ ವ್ಯಕ್ತಿ ಒಳಗೆ ಬಂದು ಕಾಲಿಗೆ ನಮಸ್ಕರಿಸಿದ.

"ಮೇಷ್ಟ್ರೇ, ಗುರ್ತು ಸಿಕ್ತಾ?"

ಸಿಗಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಎಲ್ಲ ಮುಖಗಳೂ ನೆನಪಿರುವುದಿಲ್ಲ. ಅವನೇ ಹೇಳಿದ. "ನಾನು ಎಸ್ಸೆಸ್ಸೆಲ್ಸೀಲಿ ವಿಜ್ಞಾನದಲ್ಲಿ ಡುಮ್ಕಿ ಹೊಡೆದೋನು ಸಾರ್. ಕಡೇ ಬೆಂಚು. ಕೊಡಲಿ ಕಾವಿನ ಪ್ರಶ್ನೆ ಕೇಳಿ ನಿಮ್ಮತ್ರ ಬೈಸ್ಕೊಂಡಿದ್ದೆ."

ಥಟ್ಟನೆ ಎಲ್ಲವೂ ನೆನಪಾಯಿತು. ಸರಳ ಲೋಲಕದ ಪಾಠ ನಡೆದಿತ್ತು. ಈ ಹುಡುಗ ಎದ್ದು ನಿಂತು, "ಸಾರ್, ಕೊಡಲಿ ಕಾವು ಉದ್ದ ಆದ್ರೆ ಏಟು ಜೋರಾಗಿ ಬೀಳ್ತದಲ್ಲ, ಅದ್ಯಾಕೆ?" ಎಂದು ಕೇಳಿದ್ದ. ಪಾಠ ಮುಗಿಸುವ ಆತುರದಲ್ಲಿದ್ದ ನಾನು, "ಅದು ಪರೀಕ್ಷೆಗೆ ಬರೋಲ್ಲ, ಕೂತ್ಕೋ. ಮೊದಲು ಸೂತ್ರ ಬಾಯಿಪಾಠ ಮಾಡು" ಎಂದಿದ್ದೆ. ತರಗತಿ ನಕ್ಕಿತ್ತು. ಆ ವರ್ಷ ಅವನು ನಪಾಸಾದ. ಮತ್ತೆ ಶಾಲೆಯ ಕಡೆ ಬರಲಿಲ್ಲ. ಸೋದರಮಾವನ ಜೊತೆ ಬೆಂಗಳೂರಿಗೆ ಹೋದನೆಂದು ಯಾರೋ ಹೇಳಿದ್ದರು. ಅಷ್ಟೇ.

ಈಗ ಅವನು ಅಲ್ಲಿನ ಒಂದು ಗಾಲ್ಫ್ ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುವ ಸಹಾಯಕ ಬೋಧಕ. ಮೊದಲು ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಸೇರಿದ. ಹೊತ್ತು ಹೊತ್ತು, ನೋಡಿ ನೋಡಿ, ಆಟ ಕಲಿತ. ಆಮೇಲೆ ಕಲಿಸತೊಡಗಿದ. ಈಗೊಂದು ತೊಡಕು ಬಂದಿದೆ. ಬೋಧಕನಾಗಿ ಮುಂದುವರಿಯಬೇಕಾದರೆ ತರಬೇತಿಗೆ ಕೂತು ಪ್ರಮಾಣಪತ್ರ ಪಡೆಯಬೇಕು. ಅದರಲ್ಲಿ ಕೋಲು ಬೀಸುವುದರ ಯಂತ್ರಶಾಸ್ತ್ರ ಎಂಬ ಒಂದು ಭಾಗ. ಇಂಗ್ಲಿಷಿನಲ್ಲಿ ನೂರಾರು ಪುಟದ ಟಿಪ್ಪಣಿ. ಅದನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟ.

"ಇಪ್ಪತ್ತು ವರ್ಷದಿಂದ ಹೊಡೀತಾ ಇದೀನಿ, ಹೊಡೆಸ್ತಾನೂ ಇದೀನಿ. ಈಗ ಬಂದು ಯಾಕೆ ಅಂತ ಕೇಳಿದ್ರೆ ನಾನೇನು ಹೇಳ್ಲಿ ಮೇಷ್ಟ್ರೇ? ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ನನ್ನ ಕೈಲಿ ಕಲಿತ ಹುಡುಗ್ರೇ ಲ್ಯಾಪ್‌ಟಾಪ್ ಹಿಡ್ಕೊಂಡು ಬರ್ತಾವ್ರೆ. ಇದು ಪಾಸಾಗ್ದೆ ಹೋದ್ರೆ ಮತ್ತೆ ಚೀಲ ಹೊರೋದೇ."

ಗಾಲ್ಫ್ ಕೋಲನ್ನು ನಾನು ಕೈಯಲ್ಲಿ ಹಿಡಿದವನಲ್ಲ. ಆದರೂ ಅವನನ್ನು ಬರಿಗೈಲಿ ಕಳಿಸಲು ಮನಸ್ಸು ಬರಲಿಲ್ಲ. ಎರಡು ದಿನ ಉಳಿಸಿಕೊಂಡೆ. ಆ ಎರಡು ದಿನದಲ್ಲಿ ನಾನು ಕಲಿತದ್ದೇ ಈ ವಾರದ ಅಂಕಣ.

ಗಾಲ್ಫ್ ಎಂದರೆ ಸಾಹುಕಾರರ ಆಟ, ನಮಗೇಕೆ ಎಂದು ಪುಟ ತಿರುಗಿಸಬೇಡಿ. ಆಟದ ನಿಯಮ ತೀರ ಸರಳ. ದೂರದ ಗುಳಿಗೆ ಚೆಂಡನ್ನು ಆದಷ್ಟು ಕಡಿಮೆ ಏಟಿನಲ್ಲಿ ಸೇರಿಸಬೇಕು. ಇಂಥ 18 ಗುಳಿಗಳು. ಕಡಿಮೆ ಏಟು ಹೊಡೆದವನು ಗೆದ್ದ. ಬ್ರಿಟಿಷರು ಇದನ್ನು ನಮ್ಮ ದೇಶಕ್ಕೆ ತಂದರು. ಕಲ್ಕತ್ತೆಯಲ್ಲಿ 1829ರಲ್ಲೇ ಕ್ಲಬ್ಬು ಹುಟ್ಟಿತು. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು. ಬಹುಕಾಲ ಇದು ದೊಡ್ಡವರ ಆಟವೇ ಆಗಿತ್ತು. ನಮ್ಮ ಕಡೆಯವರು ಚೀಲ ಹೊರಲು, ಹುಲ್ಲು ಕತ್ತರಿಸಲು ಮಾತ್ರ ಒಳಗೆ ಹೋಗುತ್ತಿದ್ದರು. ಈಗ ಸ್ವಲ್ಪ ಬದಲಾಗಿದೆ. ಬಿಡದಿಯ ಬಳಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ದೇಶದ ಹೆಸರಾಂತ ವೃತ್ತಿಪರ ಆಟಗಾರನಾದ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾದಳು. ಒಂದೇ ಒಂದು ಏಟಿನ ಅಂತರದಲ್ಲಿ ಪದಕ ತಪ್ಪಿದಾಗ ಗಾಲ್ಫ್ ಎಂದರೇನೆಂದು ಗೊತ್ತಿಲ್ಲದವರೂ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದರು.

ಇರಲಿ, ನಮ್ಮ ವಿಷಯಕ್ಕೆ ಬರೋಣ.

ಮರುದಿನ ಬೆಳಿಗ್ಗೆ ಕರೆಂಟು ಇರಲಿಲ್ಲ. ನಮ್ಮ ಮನೆಯವರು ವಾಷಿಂಗ್ ಮಷೀನನ್ನು ಶಪಿಸುತ್ತ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಸೆಣೆಯುತ್ತಿದ್ದರು. ಟಿಪ್ಪಣಿಯ ಮೊದಲ ಪುಟದಲ್ಲೇ 'ಜೋಡಿ ಲೋಲಕ' ಎಂಬ ಚಿತ್ರವಿತ್ತು. ಶಿಷ್ಯ ಅದನ್ನೇ ದಿಟ್ಟಿಸುತ್ತ ಕೂತಿದ್ದ. ನಾನು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ.

"ಪುಸ್ತಕ ಮುಚ್ಚು. ಬಟ್ಟೆ ಒಗೆಯೋದನ್ನ ನೋಡು. ಬಟ್ಟೆ ಕಲ್ಲಿಗೆ ಬೀಳೋ ಹೊತ್ತಿಗೆ ಕೈ ಏನು ಮಾಡ್ತದೆ?"

ಅವನು ನೋಡಿದ. ಮತ್ತೆ ನೋಡಿದ. "ಕೈ ನಿಧಾನ ಆಗ್ತದೆ ಸಾರ್! ಬಟ್ಟೆ ಮಾತ್ರ ಮುಂದಕ್ಕೆ ಹೋಗಿ ಬಡೀತದೆ."

ಇದೇ ಜೋಡಿ ಲೋಲಕ. ಶಾಲೆಯಲ್ಲಿ ನಾವು ಹೇಳಿಕೊಡುವುದು ಒಂದು ದಾರ, ಒಂದು ಗುಂಡಿನ ಲೋಲಕ. ಅದರ ತುದಿಗೆ ಇನ್ನೊಂದು ಲೋಲಕ ಕಟ್ಟಿದರೆ ಜೋಡಿ ಲೋಲಕವಾಯಿತು. ಹೆಗಲಿನಿಂದ ಅಂಗೈವರೆಗಿನ ತೋಳು ಮೊದಲನೆಯದು. ಕೈಯಲ್ಲಿರುವ ಬಟ್ಟೆ ಅಥವಾ ಕೋಲು ಎರಡನೆಯದು. ನಡುವೆ ಮಣಿಕಟ್ಟು ಬಾಗಿಲಿನ ತಿರುಗಣಿಯಂತೆ ಕೆಲಸ ಮಾಡುತ್ತದೆ.

ಗಾಲ್ಫ್ ಆಟಗಾರ ಕೋಲನ್ನು ಹಿಂದಕ್ಕೆ ಎತ್ತಿದಾಗ ಮಣಿಕಟ್ಟು ಮಡಚಿ, ತೋಳು ಮತ್ತು ಕೋಲಿನ ನಡುವೆ ಹೆಚ್ಚು ಕಡಿಮೆ ಲಂಬಕೋನವಾಗುತ್ತದೆ. ಕೋಲಿನ ಭಾರವಾದ ತಲೆ ಮೈಗೆ ಹತ್ತಿರವಿರುತ್ತದೆ. ತಿರುಗುವ ಕುರ್ಚಿಯ ಮೇಲೆ ಕೂತ ಹುಡುಗ ಕೈಗಳನ್ನು ಎದೆಗೆ ಒತ್ತಿಕೊಂಡರೆ ಸುಲಭವಾಗಿ ಗಿರಗಿರನೆ ತಿರುಗುತ್ತಾನಲ್ಲ, ಹಾಗೆ ತೋಳೂ ಈ ಸ್ಥಿತಿಯಲ್ಲಿ ಸುಲಭವಾಗಿ ವೇಗ ಪಡೆಯುತ್ತದೆ. ವೇಗ ಏರಿದಂತೆ ಕೋಲಿನ ತಲೆ ಹೊರಕ್ಕೆ ಹೋಗಲು ಹವಣಿಸುತ್ತದೆ. ಕವಣೆಯಲ್ಲಿ ಕಲ್ಲು ಹೊರಕ್ಕೆ ಎಳೆಯುವಂತೆ. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಕೋಲು ತೋಳಿನ ನೇರಕ್ಕೆ ಬರುತ್ತದೆ. ಆಗ ತೋಳಿನ ಚಲನಶಕ್ತಿಯ ದೊಡ್ಡ ಪಾಲು ಕೋಲಿಗೆ ವರ್ಗಾವಣೆಯಾಗುತ್ತದೆ. ಕೈ ನಿಧಾನವಾಗುತ್ತದೆ, ತಲೆ ಹಾರುತ್ತದೆ. ಕೈಯ ವೇಗಕ್ಕಿಂತ ಹಲವು ಪಟ್ಟು ವೇಗದಲ್ಲಿ ಕೋಲಿನ ತಲೆ ಚೆಂಡಿಗೆ ಬಡಿಯುವುದು ಹೀಗೆ.

ಎತ್ತಿನ ಗಾಡಿಯವನ ಬಾರುಕೋಲು ಛಟೀರೆನ್ನುವುದೂ ಇದೇ ನ್ಯಾಯದಿಂದ. ಹಿಡಿಯ ಚಲನೆ ಬಾರಿನ ತುದಿಗೆ ಸಾಗುತ್ತ ಸಾಗುತ್ತ ಎಷ್ಟು ವೇಗ ಪಡೆಯುತ್ತದೆಂದರೆ, ಜೋರಾಗಿ ಬೀಸಿದ ಚಾವಟಿಯ ತುದಿ ಶಬ್ದದ ವೇಗವನ್ನೇ ಮೀರಬಲ್ಲದು. ನಮಗೆ ಕೇಳುವ ಆ 'ಛಟ್' ಅದರದೇ ಸದ್ದು.

"ಹಂಗಾದ್ರೆ ಮಣಿಕಟ್ಟನ್ನ ಬಲವಂತವಾಗಿ ಬೇಗ ಬಿಚ್ಚಿದ್ರೆ?" ಎಂದ ಶಿಷ್ಯ.

"ನೀನೇ ಹೇಳು."

"ಹೊಸಬ್ರು ಎಲ್ಲಾ ಹಂಗೇ ಮಾಡ್ತಾರೆ ಸಾರ್, ಮೇಲಿಂದಲೇ ಬಿಚ್ಚಿಬಿಡ್ತಾರೆ. ಚೆಂಡು ದೂರ ಹೋಗೋದೇ ಇಲ್ಲ."

ಹೋಗುವುದಿಲ್ಲ. ಏಕೆಂದರೆ ಕೋಲು ಮೊದಲೇ ಚಾಚಿಕೊಂಡರೆ ತಿರುಗಿಸಲು ಕಷ್ಟವಾಗುತ್ತದೆ, ತೋಳು ವೇಗ ಪಡೆಯುವುದಿಲ್ಲ. ಶಕ್ತಿಯ ವರ್ಗಾವಣೆ ಚೆಂಡನ್ನು ತಲುಪುವ ಮೊದಲೇ ಮುಗಿದುಹೋಗಿರುತ್ತದೆ. ಕೈಯಲ್ಲಿದ್ದ ಕಾಸನ್ನು ಸಂತೆಗೆ ಹೋಗುವ ದಾರಿಯಲ್ಲೇ ಖರ್ಚು ಮಾಡಿಕೊಂಡಂತೆ.

ಈ ಜೋಡಿ ಲೋಲಕದ ವಿವರಣೆ ಹೊಸದೇನಲ್ಲ. ಬ್ರಿಟನ್ನಿನಲ್ಲಿ ವಿಜ್ಞಾನಿಗಳ ಒಂದು ತಂಡ ವರ್ಷಗಟ್ಟಲೆ ಆಟಗಾರರನ್ನು ಅತಿವೇಗದ ಕ್ಯಾಮೆರಾಗಳಲ್ಲಿ ಸೆರೆಹಿಡಿದು ಅಧ್ಯಯನ ಮಾಡಿತು. ಅದರ ಫಲವನ್ನು ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬಿಬ್ಬರು 1968ರಲ್ಲಿ ಪುಸ್ತಕವಾಗಿ ಹೊರತಂದರು. ಗಾಲ್ಫಿನ ಭೌತಶಾಸ್ತ್ರಕ್ಕೆ ಇಂದಿಗೂ ಅದು ಅಡಿಪಾಯ.

ಇನ್ನು ಏಟಿನ ಲೆಕ್ಕ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಪೆನ್ಸಿಲ್ ಹಿಡಿದು ಕೂರಿ.

ಗಾಲ್ಫ್ ಚೆಂಡಿನ ತೂಕ ಸುಮಾರು 46 ಗ್ರಾಂ. ದೂರ ಹೊಡೆಯುವ ಕೋಲಿನ ತಲೆ ಸುಮಾರು 200 ಗ್ರಾಂ. ಒಳ್ಳೆಯ ಆಟಗಾರ ತಲೆಯನ್ನು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 162 ಕಿಲೋಮೀಟರಿನಲ್ಲಿ ತರುತ್ತಾನೆನ್ನಿ. ಸಂವೇಗ ಸಂರಕ್ಷಣೆಯ ನಿಯಮವನ್ನೂ, ಚೆಂಡಿನ ಪುಟಿಯುವ ಗುಣವನ್ನೂ ಸೇರಿಸಿ ಲೆಕ್ಕ ಹಾಕಿದರೆ ಚೆಂಡಿನ ವೇಗ ತಲೆಯ ವೇಗದ ಹೆಚ್ಚು ಕಡಿಮೆ ಒಂದೂವರೆ ಪಟ್ಟು ಬರುತ್ತದೆ. ಅಂದರೆ ಸೆಕೆಂಡಿಗೆ 67 ಮೀಟರ್, ಗಂಟೆಗೆ ಸುಮಾರು 240 ಕಿಲೋಮೀಟರ್. ಹೊಡೆದವನಿಗಿಂತ ಹೊಡೆಸಿಕೊಂಡದ್ದೇ ವೇಗವಾಗಿ ಓಡುತ್ತದೆ!

ಕೋಲಿಗೂ ಚೆಂಡಿಗೂ ಸಂಪರ್ಕ ಎಷ್ಟು ಹೊತ್ತು? ಸೆಕೆಂಡಿನ ಎರಡು ಸಾವಿರದ ಒಂದು ಭಾಗ. ಅಷ್ಟರಲ್ಲಿ ಕೋಲು ಸಾಗುವುದು ಎರಡು ಸೆಂಟಿಮೀಟರ್ ಮಾತ್ರ. ಈಗ ಬಲ ಎಷ್ಟು? ಸಂವೇಗದ ಬದಲಾವಣೆಯನ್ನು ಕಾಲದಿಂದ ಭಾಗಿಸಿ. 0.046 ಗುಣಿಸು 67, ಭಾಗಿಸು 0.0005. ಸುಮಾರು 6,000 ನ್ಯೂಟನ್. ಅಂದರೆ ಆರುನೂರು ಕಿಲೋ ತೂಕದಷ್ಟು ಒತ್ತಡ ಆ ಪುಟ್ಟ ಚೆಂಡಿನ ಮೇಲೆ! ಕ್ಷಣಕಾಲ ಅದು ಚಪ್ಪಟೆಯಾಗಿ ಮತ್ತೆ ಗುಂಡಗಾಗುತ್ತದೆ.

ಕೋಲಿನ ತಲೆಯನ್ನು ಎರಡು ಪಟ್ಟು ಭಾರ ಮಾಡಿದರೆ? ವೇಗ ಅಷ್ಟೇ ಉಳಿದರೂ ಚೆಂಡಿನ ವೇಗ ಏರುವುದು ನೂರಕ್ಕೆ ಹತ್ತರಷ್ಟು. ತಲೆಯ ವೇಗ ಎರಡು ಪಟ್ಟಾದರೆ ಚೆಂಡಿನ ವೇಗವೂ ಎರಡು ಪಟ್ಟು. ಆದ್ದರಿಂದ ಭಾರಕ್ಕಿಂತ ವೇಗ ಮುಖ್ಯ. ತಿರುಗುವ ವಸ್ತುವಿನ ತುದಿಯ ವೇಗ ಅದರ ತ್ರಿಜ್ಯದಷ್ಟು ಹೆಚ್ಚು. ಒಂದೇ ಹೊತ್ತಿನಲ್ಲಿ ಒಂದೇ ಕೋನ ತಿರುಗಿದರೂ ಉದ್ದ ಕಾವಿನ ತುದಿ ಹೆಚ್ಚು ದೂರ ಕ್ರಮಿಸುತ್ತದೆ. ಬೀಸಲಾರದಷ್ಟು ಉದ್ದವಾಗಬಾರದು, ಅಷ್ಟೆ.

ಇಷ್ಟು ಹೇಳಿ ನಾನು ಸುಮ್ಮನಾದೆ. ಶಿಷ್ಯನೂ ಸುಮ್ಮನಾದ. ಆಮೇಲೆ ಮೆಲ್ಲಗೆ, "ಇದೇ ಅಲ್ವಾ ಮೇಷ್ಟ್ರೇ, ನಾನು ಅವತ್ತು ಕೇಳಿದ್ದು?" ಎಂದ.

ಅದೇ. ಹತ್ತು ನಿಮಿಷದ ಉತ್ತರ. ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಟಿಪ್ಪಣಿಯ ಎರಡನೆಯ ಭಾಗಕ್ಕೆ ಬಂದೆವು. ಅಲ್ಲಿ ಕಾದಿತ್ತು ದೊಡ್ಡ ಪೆಟ್ಟು. ಈ ಬಾರಿ ಅವನಿಗೆ.

ಹೊಡೆದ ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ? ಇದರಲ್ಲಿ ಎರಡು ಸಂಗತಿಗಳಿವೆ. ಒಂದು, ಕೋಲು ಬೀಸಿ ಬಂದ ದಾರಿ. ಎರಡು, ಬಡಿಯುವ ಗಳಿಗೆಯಲ್ಲಿ ಕೋಲಿನ ಮುಖ ಯಾವ ಕಡೆ ನೋಡುತ್ತಿತ್ತು ಎಂಬುದು. ದಶಕಗಳ ಕಾಲ ಬೋಧಕರು ಹೇಳಿಕೊಟ್ಟದ್ದು ಹೀಗೆ: ಚೆಂಡು ಕೋಲು ಬೀಸಿದ ದಾರಿಯಲ್ಲೇ ಹೊರಡುತ್ತದೆ, ಆಮೇಲೆ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ. ನಮ್ಮ ಶಿಷ್ಯನೂ ಹಿರಿಯರಿಂದ ಇದನ್ನೇ ಕಲಿತಿದ್ದ. ಇದನ್ನೇ ಕಲಿಸಿದ್ದ.

ಟಿಪ್ಪಣಿ ಬೇರೆಯೇ ಹೇಳುತ್ತಿತ್ತು. ಚೆಂಡು ಹೊರಡುವ ದಿಕ್ಕನ್ನು ನಿರ್ಧರಿಸುವುದು ಮುಕ್ಕಾಲು ಪಾಲಿಗೂ ಹೆಚ್ಚಾಗಿ ಕೋಲಿನ ಮುಖ. ದಾರಿಯ ಪಾಲು ಸಣ್ಣದು. ಮುಖ ಮತ್ತು ದಾರಿ ಬೇರೆ ಬೇರೆ ಕಡೆಗಿದ್ದರೆ ಚೆಂಡು ಓರೆಯಾಗಿ ಸುತ್ತಿಕೊಳ್ಳುತ್ತ, ಬೀಸಿದ ದಾರಿಯಿಂದ ದೂರಕ್ಕೆ ಬಾಗುತ್ತದೆ.

ಯೋಚಿಸಿ ನೋಡಿದರೆ ಇದು ಸಹಜವೇ. ಗಟ್ಟಿ ಹಲಗೆ ಚೆಂಡಿಗೆ ಬಡಿದಾಗ ಬಲದ ಬಹುಪಾಲು ಹಲಗೆಯ ಮುಖಕ್ಕೆ ಲಂಬವಾಗಿಯೇ ಇರುತ್ತದೆ. ಮುಖದ ಉದ್ದಕ್ಕೆ ಉಜ್ಜುವ ಘರ್ಷಣೆ ಬಲ ಅದಕ್ಕಿಂತ ಕಡಿಮೆ. ಅದು ಮುಖ್ಯವಾಗಿ ಚೆಂಡನ್ನು ಸುತ್ತಿಸುತ್ತದೆ. ಸುತ್ತುತ್ತ ಹಾರುವ ಚೆಂಡು ಗಾಳಿಯಲ್ಲಿ ಬಾಗುವುದನ್ನು ಕ್ರಿಕೆಟ್ ನೋಡುವ ಎಲ್ಲರೂ ಬಲ್ಲರು.

1968ರ ಆ ಪುಸ್ತಕದಲ್ಲೇ ಇದು ಸರಿಯಾಗಿತ್ತು. ಆದರೆ ಮೈದಾನದಲ್ಲಿ ಕಲಿಸುವವರಿಗೆ ಮುಟ್ಟಲಿಲ್ಲ. ಬೋಧಕರ ಕೈಪಿಡಿಗಳಲ್ಲಿ ಹಳೆಯ ನಿಯಮವೇ ಉಳಿಯಿತು. ಕಣ್ಣಿಗೆ ಕಾಣದ ಅರ್ಧ ಸಾವಿರಾಂಶ ಸೆಕೆಂಡಿನ ಸಂಗತಿ. ಹಿರಿಯರು ಹೇಳಿದ್ದನ್ನು ನಂಬದೆ ಏನು ಮಾಡುವುದು? 2003ರಲ್ಲಿ ಡೆನ್ಮಾರ್ಕಿನಲ್ಲಿ ಟ್ರ್ಯಾಕ್‌ಮ್ಯಾನ್ ಎಂಬ ಕಂಪನಿ ಹುಟ್ಟಿ, ರಾಡಾರಿನಿಂದ ಚೆಂಡಿನ ಹಾರಾಟವನ್ನೂ ಕೋಲಿನ ಚಲನೆಯನ್ನೂ ಅಳೆಯುವ ಯಂತ್ರವನ್ನು ಮೈದಾನಕ್ಕೆ ತಂದಿತು. ದೂರ ಸರಿಯುವ ರೈಲಿನ ಸಿಳ್ಳೆ ಇಳಿದನಿಯಾಗಿ ಕೇಳುತ್ತದಲ್ಲ, ಆ ಡಾಪ್ಲರ್ ಪರಿಣಾಮವೇ ಯಂತ್ರದ ತಿರುಳು. ಹೊಡೆದ ಮರುಕ್ಷಣ ಅಂಕಿಗಳು ಪರದೆಯ ಮೇಲೆ. ಆಗ ಬೋಧಕರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದಂತಾಯಿತು.

ನಾನು ಇದನ್ನು ವಿವರಿಸುತ್ತಿದ್ದಂತೆ ಶಿಷ್ಯನ ಮುಖ ಬಾಡಿತು.

"ಮೇಷ್ಟ್ರೇ, ಮುಂದೆ ಮರ ಅಡ್ಡ ಬಂದ್ರೆ ಬಳಸಿ ಹೊಡೀಬೇಕಾಗ್ತದೆ. ಮುಖ ಗುಳಿ ಕಡೆ ಇಡು, ಬೀಸೋದು ಮರದ ಪಕ್ಕಕ್ಕೆ ಬೀಸು ಅಂತ ಹೇಳ್ಕೊಡ್ತಿದ್ದೆ. ಎಷ್ಟೋ ಸಲ ಚೆಂಡು ಹೋಗಿ ಮರಕ್ಕೇ ಬಡೀತಿತ್ತು. ನಾನು ಹೇಳಿದಂಗೆ ಮಾಡಿಲ್ಲ ನೀನು ಅಂತ ಹುಡುಗ್ರನ್ನ ಬೈದಿದೀನಿ. ಒಬ್ಬ ಹುಡುಗ ಅತ್ತುಬಿಟ್ಟಿದ್ದ. ಅವನು ನಾನು ಹೇಳಿದಂಗೇ ಮಾಡಿದ್ದ ಸಾರ್."

ಮುಖ ಗುಳಿಯ ಕಡೆ ಇದ್ದರೆ ಚೆಂಡು ಹೆಚ್ಚು ಕಡಿಮೆ ಗುಳಿಯ ಕಡೆಗೇ ಹೊರಡುತ್ತದೆ. ನಡುವೆ ಮರವಿದ್ದರೆ ಮರಕ್ಕೇ ಬಡಿಯುತ್ತದೆ. ಹುಡುಗ ತಪ್ಪು ಮಾಡಿರಲಿಲ್ಲ. ಪಾಠ ತಪ್ಪಾಗಿತ್ತು.

ಅವನಿಗೆ ಸಮಾಧಾನ ಹೇಳಲು ನನ್ನದೊಂದು ಕಥೆ ಹೇಳಬೇಕಾಯಿತು. ಅದನ್ನು ನಿಮಗೂ ಹೇಳುತ್ತೇನೆ. ವಿಮಾನ ಏಕೆ ಹಾರುತ್ತದೆ ಎಂದು ನಾನು ಹದಿನೈದು ವರ್ಷ ಪಾಠ ಮಾಡಿದ್ದು ಹೀಗೆ: ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಅಲ್ಲಿ ದಾರಿ ಉದ್ದ, ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಹಿಂಬದಿಯಲ್ಲಿ ಒಟ್ಟಿಗೆ ಸೇರಬೇಕು, ಆದ್ದರಿಂದ ಮೇಲಿನ ಗಾಳಿ ವೇಗವಾಗಿ ಓಡುತ್ತದೆ. ಬೋರ್ಡಿನ ಮೇಲೆ ಚೆಂದದ ಚಿತ್ರ ಬರೆಯುತ್ತಿದ್ದೆ. ಒಂದು ದಿನ ಹುಡುಗಿಯೊಬ್ಬಳು, "ಸಾರ್, ಅವೆರಡೂ ಒಟ್ಟಿಗೇ ಸೇರಬೇಕು ಅಂತ ಯಾಕೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದಾಗ ತಿಳಿಯಿತು: ಸೇರಬೇಕಾಗಿಲ್ಲ, ಸೇರುವುದೂ ಇಲ್ಲ. ಮೇಲಿನ ಗಾಳಿ ಇನ್ನೂ ಬೇಗ ಹೋಗಿ ಮುಟ್ಟುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಮರುದಿನ ತರಗತಿಯಲ್ಲಿ ನಿಂತು "ನಿನ್ನೆ ಹೇಳಿದ್ದು ತಪ್ಪು" ಎನ್ನಬೇಕಾಯಿತು. ನಾಲಿಗೆ ಒಣಗಿತ್ತು. ಆದರೆ ಮಕ್ಕಳು ನಗಲಿಲ್ಲ. ಆ ವರ್ಷ ಆ ತರಗತಿ ಕೇಳಿದಷ್ಟು ಪ್ರಶ್ನೆಗಳನ್ನು ಬೇರೆ ಯಾವ ತರಗತಿಯೂ ಕೇಳಲಿಲ್ಲ.

ಸಂಜೆ ಇಬ್ಬರೂ ಲಕ್ಷ್ಮೀನಾರಾಯಣ ದೇವಸ್ಥಾನದ ಕಡೆ ನಡೆದೆವು. ನಮ್ಮೂರ ಹೊರಗಿನವರಿಗೆ ಒಂದು ಮಾತು: ಇದು ಹದಿಮೂರನೆಯ ಶತಮಾನದ ಹೊಯ್ಸಳರ ತ್ರಿಕೂಟ ದೇವಾಲಯ. ಹೊರಗೋಡೆಯ ಬುಡದಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ರಾಮಾಯಣ, ಮಹಾಭಾರತ, ಮಕರ, ಹಂಸಗಳು ಸಾಲು ಸಾಲಾಗಿ ಸುತ್ತಿ ಬರುತ್ತವೆ. ಶಿಷ್ಯ ಆ ಸಾಲುಗಳ ಮುಂದೆ ಬಹಳ ಹೊತ್ತು ನಿಂತು, "ಇವನ್ನ ಕೆತ್ತಿದೋರಿಗೆ ನ್ಯೂಟನ್ ಗೊತ್ತಿತ್ತಾ ಮೇಷ್ಟ್ರೇ?" ಎಂದ.

ಒಳ್ಳೆಯ ಪ್ರಶ್ನೆ. ನ್ಯೂಟನ್ ಹುಟ್ಟಿದ್ದು ಈ ಗುಡಿ ಕಟ್ಟಿ ನಾಲ್ಕು ಶತಮಾನದ ಮೇಲೆ. ಸುತ್ತಿಗೆಯ ಸಿದ್ಧಾಂತ ತಿಳಿಯದೆಯೇ ರೂವಾರಿ ಸುತ್ತಿಗೆಯನ್ನು ಬೇಕಾದಷ್ಟೇ ಬೀಸಿದ. ಮಾಡಲು ಸಿದ್ಧಾಂತ ಬೇಕಿಲ್ಲ. ಕೈಗೆ ತನ್ನದೇ ವಿದ್ಯೆಯಿದೆ. ಹಾಗಾದರೆ ಸಿದ್ಧಾಂತ ಯಾವಾಗ ಬೇಕು? ಒಬ್ಬನ ಕೈಯ ವಿದ್ಯೆ ಇನ್ನೊಬ್ಬನ ಕೈಗೆ ಹೋಗದೆ ನಡುವೆ ತೊಡಕಾದಾಗ ಬೇಕು. ಕಲಿಯುವವನು "ಯಾಕೆ" ಎಂದಾಗ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ಶಿಷ್ಯನದೋ ನನ್ನದೋ ಎಂದು ಕಲಿಸುವವನಿಗೆ ಅನುಮಾನ ಬಂದಾಗ ಬೇಕು.

ಈ "ಯಾಕೆ"ಯ ಹಿಂದೆ ಬಿದ್ದು ಬಾಳನ್ನೇ ಸವೆಸಿದ ಒಬ್ಬ ಮನುಷ್ಯನಿದ್ದ. ಅಮೆರಿಕದ ಸಿಯಾಟಲ್ ನಗರದ ಹೋಮರ್ ಕೆಲ್ಲಿ. 1939ರಲ್ಲಿ ಮೊದಲ ಬಾರಿ ಪೂರ್ತಿ ಆಟ ಆಡಿದಾಗ ಅವನು ತೆಗೆದುಕೊಂಡದ್ದು 116 ಏಟು. ಕೆಲವು ತಿಂಗಳ ನಂತರ ಒಂದು ದಿನ 77 ಏಟಿನಲ್ಲಿ ಮುಗಿಸಿದ. ಏನು ಬದಲಾಯಿತೆಂದು ಬೋಧಕರನ್ನು ಕೇಳಿದ. ಯಾರಿಂದಲೂ ಸರಿಯಾದ ಉತ್ತರ ಬರಲಿಲ್ಲ. ತಾನೇ ಹುಡುಕಲು ಹೊರಟು, ಸುಮಾರು ಮೂವತ್ತು ವರ್ಷ ದುಡಿದು, 1969ರಲ್ಲಿ ಪುಸ್ತಕ ಪ್ರಕಟಿಸಿದ. ಬೀಸನ್ನು 24 ಅಂಗಗಳಾಗಿ ಬಿಡಿಸಿ, ಪ್ರತಿಯೊಂದಕ್ಕೂ ಹಲವು ಬಗೆಗಳನ್ನು ಕೊಟ್ಟು, ಯಂತ್ರದಂತೆ ವಿವರಿಸಿದ. ಆ ಪುಸ್ತಕವನ್ನು ಕಲಿಸಲು ಬೋಧಕರಿಗೇ ತರಗತಿಗಳು ನಡೆದವು.

ಪುಸ್ತಕ ಮಾತ್ರ ಕಬ್ಬಿಣದ ಕಡಲೆ. ಹಲವರು ಕೊಂಡರು, ಕೆಲವರು ಓದಿದರು, ಇನ್ನೂ ಕೆಲವರಿಗೆ ಅರ್ಥವಾಯಿತು. ಆಟ ಕಲಿಯುವ ಹುಡುಗನ ತಲೆಗೆ 24 ಅಂಗಗಳನ್ನೂ ಒಟ್ಟಿಗೆ ತುಂಬಿದರೆ ಅವನು ಕೋಲು ಎತ್ತಿದವನು ಇಳಿಸುವುದನ್ನೇ ಮರೆಯುತ್ತಾನೆ. ನೂರು ಕಾಲಿನ ಹುಳು ಯಾವ ಕಾಲು ಮೊದಲು ಎಂದು ಯೋಚಿಸುತ್ತ ನಿಂತಂತೆ. ಕೋಲು ಕೆಳಗಿಳಿಯುವುದಕ್ಕೆ ಹಿಡಿಯುವುದು ಕಾಲು ಸೆಕೆಂಡಿನಷ್ಟು. ಕಂಡದ್ದಕ್ಕೆ ಮೈ ಪ್ರತಿಕ್ರಿಯಿಸಲೇ ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ನಡುವೆ ಯೋಚಿಸಲು ಪುರುಸೊತ್ತೆಲ್ಲಿ?

"ಆದ್ದರಿಂದ, ಇದೆಲ್ಲ ನಿನ್ನ ತಲೇಲಿರಲಿ, ಹುಡುಗರಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಯ್ಯ" ಎಂದೆ. ಅಡುಗೆಯವನಿಗೆ ಉಪ್ಪಿನ ಅಳತೆ ಗೊತ್ತಿರಬೇಕು. ಉಣ್ಣುವವನಿಗೆ ರುಚಿ ಸಾಕು.

ತಂದೆತಾಯಿಯರಿಗೆ ಎರಡು ಮಾತು. ಮಗ ಆಟದಲ್ಲೋ ಪಾಠದಲ್ಲೋ ಸೋತು ಬಂದಾಗ "ಹೇಳಿದಂತೆ ಮಾಡಿಲ್ಲ" ಎಂದು ಗದರುವ ಮುನ್ನ, ಹೇಳಿಕೊಟ್ಟದ್ದು ಸರಿಯಿತ್ತೇ ಎಂದು ಒಮ್ಮೆ ಕೇಳಿ. ನಮ್ಮಂಥ ಮೇಷ್ಟರನ್ನೂ ಕೇಳಿ, ಬೇಸರವಿಲ್ಲ. ಇನ್ನೊಂದು, ಎಲ್ಲ ಮಕ್ಕಳ ಬೀಸೂ ಒಂದೇ ಅಚ್ಚಿನಲ್ಲಿ ಬರಬೇಕಾಗಿಲ್ಲ. ಅದಿತಿ ಅಶೋಕ್ ಟೋಕಿಯೋದಲ್ಲಿ ದೂರ ಹೊಡೆಯುವವರ ಪೈಕಿ ಇರಲಿಲ್ಲ. ಅವಳ ಮೊದಲ ಏಟು ಎದುರಾಳಿಗಳ ಏಟಿಗಿಂತ ಬಹಳ ಹಿಂದೆಯೇ ಬೀಳುತ್ತಿತ್ತು. ಗುಳಿಯ ಬಳಿಯ ಸಣ್ಣ ಏಟುಗಳಲ್ಲಿ ಅವಳು ಆ ಕೊರತೆ ತುಂಬಿಕೊಂಡಳು. ಅಂದು ಅವಳ ಚೀಲ ಹೊತ್ತಿದ್ದವರು ಅವಳ ತಾಯಿ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ಹುಡುಗಿ ಬೆಳ್ಳಿ ಗೆದ್ದಳು.

ವಿದ್ಯಾರ್ಥಿಗಳಿಗೆ ಈ ವಾರದ ಪ್ರಯೋಗ. ಗಾಲ್ಫ್ ಮೈದಾನ ಬೇಡ. ಒಂದು ರಟ್ಟು ಅಥವಾ ತೆಳು ಹಲಗೆ, ಒಂದು ರಬ್ಬರ್ ಚೆಂಡು ಸಾಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆಯಿರಿ. ಗೆರೆಯ ಮೇಲೆ ಚೆಂಡಿಡಿ. ಹಲಗೆಯ ಮುಖವನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿ, ಆದರೆ ಕೈಯನ್ನು ಗೆರೆಯ ಉದ್ದಕ್ಕೇ ನೇರವಾಗಿ ಚಲಿಸುತ್ತ ಹೊಡೆಯಿರಿ. ಚೆಂಡು ಗೆರೆಯ ಮೇಲೆ ಹೋಯಿತೇ, ಮುಖ ನೋಡಿದ ಕಡೆ ಹೋಯಿತೇ? ಹತ್ತು ಸಲ ಮಾಡಿ, ಹತ್ತನ್ನೂ ಬರೆದಿಡಿ. ನಾನು ಹೇಳಿದ್ದೇನೆಂದು ನಂಬಬೇಡಿ. ಎರಡನೆಯದು, ಚಿನ್ನಿದಾಂಡು ಆಡುವಾಗ ಮಣಿಕಟ್ಟನ್ನು ಬಿಗಿಯಾಗಿಟ್ಟು ಐದು ಸಲ, ಸಡಿಲ ಬಿಟ್ಟು ಐದು ಸಲ ಹೊಡೆದು ಚಿನ್ನಿ ಬಿದ್ದ ದೂರ ಅಳೆಯಿರಿ. ಎದುರಿಗೆ ಯಾರೂ ನಿಂತಿರಬಾರದು, ಕಣ್ಣು ಜೋಪಾನ.

ಮೂರನೆಯ ದಿನ ಬೆಳಿಗ್ಗೆ ಶಿಷ್ಯ ಹೊರಟು ನಿಂತ. ನಾನು ಅವನಿಗೆ ಹೇಳಬೇಕೆಂದುಕೊಂಡಿದ್ದ ಮಾತು ಎರಡು ದಿನದಿಂದ ಗಂಟಲಲ್ಲೇ ಇತ್ತು. ಗೇಟಿನ ಬಳಿ ಹೇಳಿದೆ. "ಅವತ್ತು ನಿನ್ನನ್ನ ಕೂರಿಸಿದ್ದು ನನ್ನ ತಪ್ಪು ಕಣಯ್ಯ. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಬೈದೆ." ಅವನು ನಕ್ಕು, "ಬಿಡಿ ಮೇಷ್ಟ್ರೇ, ನಾನೂ ಅದನ್ನೇ ಮಾಡಿದೀನಲ್ಲ" ಎಂದ. ಹೆಚ್ಚು ಮಾತಾಡದೆ ಬೈಕು ಹತ್ತಿದ.

ಮೊನ್ನೆ ಫೋನು ಮಾಡಿದ್ದ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಅತ್ತ ಆ ಹುಡುಗನನ್ನು ಹುಡುಕಿ, ಅವನ ಅಪ್ಪನ ಎದುರಿಗೇ, "ಅವತ್ತು ಮರಕ್ಕೆ ಬಡಿದದ್ದು ನಿನ್ನ ತಪ್ಪಲ್ಲ, ನಾನು ಹೇಳ್ಕೊಟ್ಟಿದ್ದೇ ತಪ್ಪು" ಎಂದು ಹೇಳಿದನಂತೆ. ಹುಡುಗ ಏನೆಂದ ಎಂದು ಕೇಳಿದೆ.

"ಯಾಕೆ ತಪ್ಪು ಅಂತ ಕೇಳ್ದ ಸಾರ್. ಕೂರಿಸ್ಕೊಂಡು ಹೇಳ್ದೆ."